ಕರುಳಿನ ಕಿಸೆ, ಬಿಡಿಸದ ಪಥ್ಯ

ಅಪೆಂಡಿಕ್ಸ್ ಮನುಷ್ಯನಿಗೆ ಒಂದೇ ಇರುತ್ತದೆ. ಒಮ್ಮೆ ತೆಗೆದರೆ ಮುಗಿಯಿತು, ಮತ್ತೆ ಬೆಳೆಯುವುದಿಲ್ಲ. ಆ ಮಧ್ಯಾಹ್ನ ನನಗೆ ಖಾತ್ರಿಯಾಗಿ ಗೊತ್ತಿದ್ದದ್ದು ಇಷ್ಟೇ. ಉಳಿದದ್ದೆಲ್ಲ ಗೊಂದಲ. ಆ ಗೊಂದಲ ಪೂರ್ತಿ ಬಗೆಹರಿದಿದೆ ಎಂದು ಈಗಲೂ ಹೇಳಲಾರೆ. ಕೊನೆಗೆ ಉತ್ತರ ಸಿಕ್ಕೇ ಸಿಗುತ್ತದೆ ಅಂದುಕೊಂಡು ಓದಲು ಕೂತವರು ಬೇಕಿದ್ದರೆ ಇಲ್ಲೇ ಇಳಿದುಕೊಳ್ಳಬಹುದು, ನನಗೇನೂ ಬೇಸರವಿಲ್ಲ.

ತೊಂಬತ್ತರ ದಶಕದ ನಡುಭಾಗ. ಸರ್ಜರಿ ಓದು ಮುಗಿಸಿ ರಾಯಬಾಗದ ಒಂದು ಖಾಸಗಿ ಆಸ್ಪತ್ರೆಗೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಆಸ್ಪತ್ರೆಯ ಯಜಮಾನರು ತಲೆ ಪೂರ್ತಿ ನರೆತ ಸರ್ಜನ್. ಊರು ಅವರನ್ನು ದೊಡ್ಡ ಡಾಕ್ಟರು ಅನ್ನುತ್ತಿತ್ತು, ನನ್ನನ್ನು ಬಾಯಾರು. ಹೆಂಗಸು ಡಾಕ್ಟರ್ ಇರುವುದು ಹೆರಿಗೆ ಮಾಡಿಸಲಿಕ್ಕೆ ಎಂದು ಎಲ್ಲರೂ ತೀರ್ಮಾನಿಸಿಬಿಟ್ಟಿದ್ದರು. ಹರ್ನಿಯಾ ತೋರಿಸಲು ಬಂದ ಗಂಡಸರು ಕುರ್ಚಿಯಲ್ಲಿ ನನ್ನನ್ನು ಕಂಡರೆ ಧೋತರ ಬಿಗಿ ಮಾಡಿಕೊಂಡು, “ಇರ್ಲಿ ಬಿಡ್ರಿ ಬಾಯಾರ, ಈಗ ಕಡಿಮ್ಯಾಗೇತಿ” ಎಂದು ಎದ್ದೇ ಹೋಗುತ್ತಿದ್ದರು.

ಆ ದಿನ ಬಂದವನು ಎದ್ದು ಹೋಗುವ ಸ್ಥಿತಿಯಲ್ಲಿ ಇರಲಿಲ್ಲ. ಮುಗಳಖೋಡದ ಕಡೆಯ ಕುರಿಗಾರ, ನಲವತ್ತರ ಆಸುಪಾಸು. ದೀಪಾವಳಿ ಮುಗಿದು ಕುರಿ ಹಿಂಡುಗಳೆಲ್ಲ ಹೊಳೆಸಾಲಿಗೆ ಇಳಿಯುವ ಕಾಲ ಅದು. ಕಬ್ಬು ಕಡಿದ ಹೊಲಗಳಲ್ಲಿ ಗೊಬ್ಬರಕ್ಕೆಂದು ರೈತರು ರಾತ್ರಿ ಹಿಂಡನ್ನು ಅಲ್ಲೇ ಮಲಗಿಸಿ ಕುರಿ ತರುಬಿಸಿಕೊಳ್ಳುತ್ತಾರೆ. ಅಂಥ ಒಂದು ಹೊಲದಿಂದಲೇ ಅವನನ್ನು ಟ್ರ್ಯಾಕ್ಟರಿನ ಹಿಂದಿನ ಡಬ್ಬಿಯಲ್ಲಿ ಕಂಬಳಿ ಹಾಸಿ ಮಲಗಿಸಿ ತಂದಿದ್ದರು. ಜೊತೆಗೆ ಹೆಂಡತಿ. ಮೈ ಕಾದಿತ್ತು, ನಾಲಿಗೆ ಒಣಗಿತ್ತು.

“ಎಲ್ಲಿ ನೋವು?”

“ಇಲ್ಲೇ ನೋಡ್ರಿ,” ಎಂದು ಬಲಗಡೆ ಕೆಳಹೊಟ್ಟೆಯ ಮೇಲೆ ಬೆರಳಿಟ್ಟ. ನಾನು ಅಲ್ಲೇ ಮೆಲ್ಲಗೆ ಒತ್ತಿ ಫಟ್ಟನೆ ಕೈ ತೆಗೆದೆ. ಒತ್ತಿದಾಗಿನಕ್ಕಿಂತ ತೆಗೆದಾಗ ಹೆಚ್ಚು ಚೀರಿದ. ಪುಸ್ತಕದಲ್ಲಿ ಇರುವಂತೆಯೇ ಅಪೆಂಡಿಕ್ಸ್ ಎಂದು ನಾನು ಖುಷಿಪಡುವಷ್ಟರಲ್ಲಿ ಅವನ ಬೆರಳಿನ ಕೆಳಗೆ ಹಳೆಯ ಹೊಲಿಗೆಯ ಗುರುತು ಕಂಡಿತು.

“ಇದೇನು?”

“ಅಪೆಂಡಿಸ್ ತಗದದ್ರಿ. ನಮ್ಮ ಲಗ್ನಾದ ವರ್ಷ.”

“ತಗದಾರಂತ ಅವ್ರು ಹೇಳ್ಯಾರ್ರಿ ಬಾಯಾರ,” ಎಂದು ಹೆಂಡತಿ ಬಾಯಿ ಹಾಕಿದಳು. “ಒಳಗ ನಾವೇನ ಇಣಿಕಿ ನೋಡೇವೇನು? ಹೊಟ್ಟಿ ಕೊಯ್ದು ಹಂಗ ಹೊಲದ ಕಳಿಸಿದ್ರೂ ಕಳಿಸ್ಯಾರು.”

“ಏ, ಬಾಟ್ಲ್ಯಾಗ ಹಾಕಿ ತೋರಿಸಿದ್ರಲ್ಲ,” ಎಂದು ಅವನು ನರಳುತ್ತಲೇ ವಾದಕ್ಕಿಳಿದ.

“ಬಾಟ್ಲ್ಯಾಗಿಂದು ನಿಮ್ಮದ ಅಂತ ಅದರ ಮ್ಯಾಲ ಬರದಿತ್ತೇನು? ಯಾರದರೆ ಇದ್ದೀತು.”

ಇಷ್ಟು ನೋವಿನಲ್ಲೂ ಈ ಗಂಡಹೆಂಡತಿ ಜಗಳವಾಡುತ್ತಿದ್ದಾರಲ್ಲ ಎಂದು ನನಗೆ ನಗು ಬಂತು. ಆದರೆ ಅವಳ ಅನುಮಾನ ನನ್ನ ತಲೆಯಲ್ಲೂ ಇತ್ತು. ತೆಗೆದದ್ದರ ಬುಡದಲ್ಲಿ ತುಂಡು ಉಳಿದು ಅದು ಬಾತಿರಬಹುದೇ? ಮೂತ್ರ ನೋಡಿದೆವು, ಕಲ್ಲಿನ ಸುಳಿವಿಲ್ಲ. ರಕ್ತದಲ್ಲಿ ಬಿಳಿಕಣ ಏರಿತ್ತು. ನಿಲ್ಲಿಸಿ ಎಕ್ಸ್‌ರೇ ತೆಗೆದೆವು. ಕರುಳು ತೂತಾಗಿದ್ದರೆ ಎದೆ ಹೊಟ್ಟೆಗಳ ನಡುವಿನ ವಪೆಯ ಕೆಳಗೆ ಗಾಳಿ ಕಾಣಬೇಕು, ಕಾಣಲಿಲ್ಲ. ದೊಡ್ಡ ಡಾಕ್ಟರು ಬಂದು ಹೊಟ್ಟೆ ಮುಟ್ಟಿ, ಫಿಲ್ಮನ್ನು ಕಿಟಕಿಗೆ ಹಿಡಿದು, ಮತ್ತೆ ಹೊಟ್ಟೆ ಮುಟ್ಟಿದರು.

“ಟಿಬಿ ಇರಬೇಕು. ಸಣ್ಣ ಕರುಳು ದೊಡ್ಡ ಕರುಳು ಕೂಡೂ ಜಾಗ ಅದು, ಟಿಬಿಗೆ ಪ್ರೀತಿ.”

“ಸರ್, ಟಿಬಿ ಹಿಂಗ ಒಂದೇ ದಿನಕ್ಕ ಉರೀತೈತೇನ್ರಿ?”

“ಉರಿಯೂದಿಲ್ಲ.”

“ಹಂಗಾದ್ರ ತೆರದು ನೋಡೂಣೇನ್ರಿ?”

ಅವರು ಫಿಲ್ಮನ್ನು ಲಕೋಟೆಗೆ ಹಾಕುತ್ತ “ಬಘೂ ಯಾ” ಅಂದರು. ನೋಡೋಣ ಎಂದು ಅರ್ಥ. ಗೊಂದಲವಾದಾಗಲೆಲ್ಲ ಅವರು ಮರಾಠಿಗೆ ಹೋಗುತ್ತಿದ್ದರು. ಆಮೇಲೆ ಆ ಕುರಿಗಾರನ ವಿಷಯದಲ್ಲಿ ಎಷ್ಟು ಮರಾಠಿ ಕೇಳಿದೆನೋ ಲೆಕ್ಕವಿಲ್ಲ.

ಬಾಯಿಂದ ಏನೂ ಕೊಡದೆ ಸಲೈನ್ ಹಚ್ಚಿದೆವು. ಆ್ಯಂಪಿಸಿಲಿನ್, ಜೆಂಟಾಮೈಸಿನ್, ಮೆಟ್ರೋನಿಡಜೋಲ್ ಶುರು ಮಾಡಿದೆವು. ಗಂಟೆಗೊಮ್ಮೆ ಹೋಗಿ ಹೊಟ್ಟೆ ಮುಟ್ಟುವುದು ನನ್ನ ಕೆಲಸ. ಹೊಟ್ಟೆ ಹಲಗೆಯಂತೆ ಬಿಗಿದರೆ ತೆರೆಯುವುದು, ಇಲ್ಲವಾದರೆ ಕಾಯುವುದು. ಬಿಗಿಯಲಿಲ್ಲ. ಜ್ವರ ಇಳಿಯಿತು, ನೋವು ಒಂದು ಬೆರಳಿನಷ್ಟು ಜಾಗಕ್ಕೆ ಕುಗ್ಗಿತು, ಆಮೇಲೆ ಅದೂ ಹೋಯಿತು. ಏನು ಬಂದಿತ್ತು ಎಂದು ಗೊತ್ತಿಲ್ಲದೆಯೇ ವಾಸಿ ಮಾಡಿಬಿಟ್ಟಿದ್ದೆವು.

ಮನೆಗೆ ಕಳಿಸುವಾಗ ದೊಡ್ಡ ಡಾಕ್ಟರು ಹಾಸಿಗೆಯ ಪಕ್ಕ ನಿಂತು ಗಟ್ಟಿ ದನಿಯಲ್ಲಿ ಹೇಳಿದರು. “ರೊಟ್ಟಿ ಬಂದ್. ಕಾಯಿಪಲ್ಯಾ, ಕಾಳು, ಬೀಜ ಎಲ್ಲಾ ಬಂದ್. ಗಂಜಿ ಕುಡಿ, ಸಾಬೂದಾಣಿ ತಿನ್ನು, ಹಾಲು ಬ್ರೆಡ್ ತಿನ್ನು. ನಾ ಹೇಳೂತನಾ ರೊಟ್ಟಿ ಮುಟ್ಟಬ್ಯಾಡ.” ಅವನು ಕೈ ಮುಗಿದ. ಮುಂದಿನ ಹಾಸಿಗೆಯವನು ಕೂಗುತ್ತಿದ್ದ, ನಾವು ಅತ್ತ ಹೋದೆವು.

ಕರುಳಿನ ಒಳಗು ಎಕ್ಸ್‌ರೇಯಲ್ಲಿ ಕಾಣಬೇಕಾದರೆ ಬೇರಿಯಂ ಏರಿಸಬೇಕು, ಬಾತ ಕರುಳಿಗೆ ಅದು ಅಪಾಯ, ಒಡೆದೀತು. ಹಾಗಾಗಿ ವಾರಗಟ್ಟಲೆ ಬಿಟ್ಟು ಅವನನ್ನು ರೈಲಿನಲ್ಲಿ ಮಿರಜಿಗೆ ಕರೆದುಕೊಂಡು ಹೋದೆ. ನಮ್ಮಲ್ಲಿನ ಎಕ್ಸ್‌ರೇ ಮಶೀನು ಎದೆ ಮತ್ತು ಮುರಿದ ಮೂಳೆಗಷ್ಟೇ ಸಾಕಾಗುತ್ತಿತ್ತು. ಅಲ್ಲಿ ಕರುಳನ್ನು ತೊಳೆದು, ಕೆಳಗಿನಿಂದ ನಳಿಗೆ ಹಾಕಿ, ಸುಣ್ಣದ ನೀರಿನಂಥ ಬೇರಿಯಂ ಬಿಟ್ಟು, ಹಿಂದಿನಿಂದ ಗಾಳಿ ಊದಿದರು. ಮೇಜನ್ನು ಓರೆ ಮಾಡಿ, ಅವನನ್ನು ಎಡಕ್ಕೆ ಬಲಕ್ಕೆ ಹೊರಳಿಸಿ ಚಿತ್ರ ತೆಗೆದರು. ಅವನು ಹಲ್ಲು ಕಚ್ಚಿಕೊಂಡು, “ಬಾಯಾರ, ಕುರೀಗಿ ಇಷ್ಟ ಮಾಡಿದ್ರ ಅದು ನನ್ನ ಹಾಯತಿತ್ತ ನೋಡ್ರಿ,” ಅಂದ.

ಫಿಲ್ಮು ದೀಪದ ಪೆಟ್ಟಿಗೆಯ ಮೇಲೆ ಏರಿತು. ಎಕ್ಸ್‌ರೇ ಡಾಕ್ಟರು ಪೆನ್ನಿನಿಂದ ತೋರಿಸಿ ನನ್ನನ್ನೇ ಕೇಳಿದರು, “ಹೇ ಕಾಯ ಆಹೇ, ಡಾಕ್ಟರ್?” ಇದೇನು ಎಂದು ನಾನು ಅವರನ್ನು ಕೇಳಬೇಕೆಂದು ಅಷ್ಟು ದೂರ ಹೋಗಿದ್ದೆ. ಟಿಬಿ ಆಗಿದ್ದರೆ ಕರುಳಿನ ಆ ಮೂಲೆ ಸುರುಟಿಕೊಂಡು ಮೇಲೆ ಸರಿದಿರಬೇಕಿತ್ತು. ಅದು ತನ್ನ ಜಾಗದಲ್ಲೇ ತುಂಬಿಕೊಂಡು ಕೂತಿತ್ತು. ಆದರೆ ಬಲಗಡೆ ಏರುವ ದೊಡ್ಡ ಕರುಳಿನ ಹೊರಗೋಡೆಗೆ ಜೋತುಬಿದ್ದಂತೆ ಸಣ್ಣ ಸಣ್ಣ ಬಿಳಿ ಗುಂಡುಗಳು.

ನನ್ನ ಹೆಗಲ ಮೇಲಿಂದ ಇಣುಕಿದ ಕುರಿಗಾರ, “ಉಣ್ಣಿ ಹತ್ತಿದಂಗ ಕಾಣ್ತೈತಲ್ರಿ,” ಅಂದ. ಕುರಿಯ ಕಿವಿಯ ಹಿಂದೆ ಉಣ್ಣಿ ಸಾಲುಗಟ್ಟಿದ್ದನ್ನು ಕಂಡವರಿಗೆ ಇದಕ್ಕಿಂತ ಚೆನ್ನಾಗಿ ವಿವರಿಸಲು ಸಾಧ್ಯವಿಲ್ಲ.

ಅವು ಡೈವರ್ಟಿಕ್ಯುಲಾ. ಕರುಳಿನ ಗೋಡೆ ದುರ್ಬಲವಾದ ಕಡೆ ಒಳಪದರ ಹೊರಕ್ಕೆ ಉಬ್ಬಿ ಚೀಲದಂತಾಗುತ್ತದೆ. ಚೀಲ ತೆಪ್ಪಗಿದ್ದರೆ ಮನುಷ್ಯನಿಗೆ ಅದು ಇದೆಯೆಂದೇ ತಿಳಿಯುವುದಿಲ್ಲ. ಬಾತರೆ ಅಪೆಂಡಿಕ್ಸಿನ ಹಾಗೆಯೇ ನೋವು, ಜ್ವರ. ಒಡೆದರೆ ಹೊಟ್ಟೆ ತುಂಬ ಕೀವು, ಜೀವಕ್ಕೇ ಸಂಚಕಾರ. ನಮ್ಮ ಆಸ್ಪತ್ರೆಯ ಸಿಸ್ಟರ್ ಕುಡಚಿಯವಳು, ಮಾತಿನ ಮಲ್ಲಿ. ಆ ಉದ್ದ ಹೆಸರನ್ನು ಒಮ್ಮೆ ಹೇಳಲು ನೋಡಿ ಕೈಬಿಟ್ಟು, “ಕರಳಿಗಿ ಕಿಸೆ ಬಂದಾವು ಅನ್ರಿ ಬಾಯಾರ, ಮುಗೀತು,” ಅಂದಳು. ಅಂದಿನಿಂದ ಅದು ಕಿಸೆಯ ಬ್ಯಾನಿ ಆಯಿತು.

ಹೆಸರು ಸಿಕ್ಕಿತು, ಗೊಂದಲ ಹೆಚ್ಚಾಯಿತು. ನಾನು ಓದಿದ ಪುಸ್ತಕದಲ್ಲಿ ಇದು ಬಿಳಿಯರ ಕಾಯಿಲೆ, ಮುದುಕರ ಕಾಯಿಲೆ, ಎಡಗಡೆಯ ಕಾಯಿಲೆ. ಸೊಪ್ಪುಸದೆ ತಿನ್ನದೆ ಮೈದಾ ಬ್ರೆಡ್ಡು ತಿನ್ನುವವರಿಗೆ ಬರುತ್ತದೆ ಎಂದು ಬರೆದಿತ್ತು. ನಮ್ಮವನು ಹುಟ್ಟಿದಾಗಿನಿಂದ ಜೋಳದ ರೊಟ್ಟಿ ತಿಂದವನು, ಮುದುಕನೂ ಅಲ್ಲ, ಚೀಲ ಇರುವುದೂ ಬಲಕ್ಕೆ. ಪೂರ್ವದೇಶಗಳಲ್ಲಿ ಬಲಗಡೆಯೂ ಕಾಣುತ್ತದೆ ಎಂದು ಅದೇ ಪುಸ್ತಕದಲ್ಲಿ ಒಂದೇ ಒಂದು ಸಾಲು. ಹಾಗೆ ಬಂದರೆ ಏನು ಮಾಡಬೇಕೆಂದು ಆ ಸಾಲು ಹೇಳಲಿಲ್ಲ.

“ಮತ್ತ ಬರ್ತೈತೇನ್ರಿ ಬಾಯಾರ?” ಎಂದು ಅವನು ಆವತ್ತು ರೈಲಿನಲ್ಲಿ ಮೊದಲ ಸಲ ಕೇಳಿದ. ಶೇಡಬಾಳ ಬರುವವರೆಗೆ ಯೋಚಿಸಿದೆ, ಆಮೇಲೆ ನಿದ್ದೆ ಬಂದವಳಂತೆ ಕಿಟಕಿಗೆ ಒರಗಿದೆ.

ಬಂತು. ಹೋಳಿ ಹುಣ್ಣಿಮೆಯ ಹಿಂದುಮುಂದು. ಅದೇ ಜಾಗ, ಅದೇ ಜ್ವರ. ಮತ್ತೆ ಸಲೈನು, ಮತ್ತೆ ಅವೇ ಔಷಧ, ಮತ್ತೆ ಗಂಟೆಗೊಮ್ಮೆ ಹೊಟ್ಟೆ ಮುಟ್ಟುವುದು. ಈ ಸಲ ಒಂದು ಬದಲಾವಣೆ ಇತ್ತು. ಮನುಷ್ಯ ಅರ್ಧ ಆಗಿದ್ದ. ಗಲ್ಲ ಒಳಗೆ ಹೋಗಿತ್ತು, ಹೆಗಲಿನ ಮೂಳೆ ಎದ್ದಿತ್ತು. ತೂಕದ ಕಾಟಾದ ಮೇಲೆ ನಿಲ್ಲಿಸಿದರೆ ಮುಳ್ಳು ಮೊದಲಿನ ಜಾಗಕ್ಕಿಂತ ಬಹಳ ಹಿಂದೆ ನಿಂತಿತು. ದೊಡ್ಡ ಡಾಕ್ಟರ ಮುಖ ಗಂಭೀರವಾಯಿತು. ಇಷ್ಟು ಸೊರಗುವುದೆಂದರೆ ಚೀಲಗಳ ಹಿಂದೆ ಏನೋ ಅಡಗಿದೆ, ಟಿಬಿ ಇರಬಹುದು, ಗಡ್ಡೆಯೂ ಇರಬಹುದು. ಎದೆಯ ಎಕ್ಸ್‌ರೇ, ಕಫ ನೋಡಿದೆವು. ಏನೂ ಇಲ್ಲ.

ಬೇಸಿಗೆ ಬಂತು. ಈ ಕುರಿಗಾರರು ಮಳೆ ಹಿಡಿಯುವ ಮೊದಲು ಹಿಂಡು ಹೊಡೆದುಕೊಂಡು ಮೂಡಲ ಸೀಮೆಗೆ ಹೊರಡುತ್ತಾರೆ. ಹೊಳೆಸಾಲಿನ ಕೆಸರಿನಲ್ಲಿ ಕುರಿಯ ಕಾಲು ಕೊಳೆಯುತ್ತದೆ. ಹೋದರೆ ದೀಪಾವಳಿಗೇ ವಾಪಸು. ಊರಿಂದೂರಿಗೆ, ಅಡವಿಯಿಂದ ಅಡವಿಗೆ ನಡಿಗೆ. ಅಲ್ಲೆಲ್ಲೋ ಚೀಲ ಒಡೆದರೆ ಆಸ್ಪತ್ರೆ ಸೇರುವ ಮೊದಲೇ ಅವನು ಹೋಗಿಬಿಡುತ್ತಾನೆ. ಇಲ್ಲೇ ಉಳಿದು ಕರುಳಿನ ಆ ಭಾಗ ಕತ್ತರಿಸಿಕೊಂಡರೆ ಆ ವರ್ಷ ಹಿಂಡಿನ ಜೊತೆ ನಡೆಯುವ ಶಕ್ತಿ ಇರುವುದಿಲ್ಲ. ಜೊತೆಗೆ, ಇಷ್ಟು ಸೊರಗಿದವನಲ್ಲಿ ಹೊಲಿದ ಕರುಳು ಕೂಡಿಕೊಳ್ಳದೆ ಬಿಚ್ಚಿದರೂ ಸಾವೇ.

“ಎರಡ ಸಲ ಬಂದ್ರ ಕೊಯ್ಯೂದು. ಪುಸ್ತಕದಾಗ ಅದ ಐತಿ,” ಎಂದು ದೊಡ್ಡ ಡಾಕ್ಟರು ತೀರ್ಮಾನಿಸಿದರು. ಆಗ ಎಲ್ಲ ಕಡೆ ನಡೆಯುತ್ತಿದ್ದ ನಿಯಮವೂ ಅದೇ. ಆಪರೇಶನ್ ದಿನ ಗೊತ್ತಾಯಿತು. ಅವನು ಬಂದು ಸೇರಿಕೊಂಡ.

ಕರುಳಿನ ಆಪರೇಶನ್ನಿಗೆ ಮೊದಲು ಕರುಳು ಖಾಲಿಯಾಗಬೇಕು. ಆಗೆಲ್ಲ ಎರಡು ಮೂರು ದಿನ ಮೊದಲೇ ಅನ್ನ ನಿಲ್ಲಿಸಿ ತೆಳ್ಳನೆಯದ್ದನ್ನಷ್ಟೇ ಕೊಟ್ಟು, ಎನಿಮಾ ಹಾಕುತ್ತಿದ್ದೆವು. ಸಿಸ್ಟರ್ ಅದನ್ನೇ ವಿವರಿಸುತ್ತಿದ್ದಳು, ನಾನು ಪಕ್ಕದಲ್ಲಿ ನಿಂತು ರಕ್ತದ ಬಾಟಲಿಯ ವ್ಯವಸ್ಥೆ ಮಾತಾಡುತ್ತಿದ್ದೆ.

“ಇವತ್ತಿಂದ ರೊಟ್ಟಿ ಇಲ್ಲ, ಪಲ್ಯಾ ಇಲ್ಲ. ಗಂಜಿ ತಿಳಿ, ಚಾ, ಅಷ್ಟ.”

“ಅದರಾಗ ಹೊಸಾದೇನೈತ್ರಿ ಸಿಸ್ಟರ?” ಹೆಂಡತಿ ಕೈ ತಿರುವಿದಳು. “ಹೋದ ದೀಪಾವಳಿಯಿಂದ ಅದ ನಡದೈತಿ. ಇವ್ರ ಗಂಜಿ ಕಾಸಿ ಕಾಸಿ ನನ್ನ ಕೈ ಬೆಳ್ಳಗಾಗ್ಯಾವು. ಆಪ್ರೇಶನ್ ಆದ ಮ್ಯಾಲರೆ ಪಥ್ಯ ಬಿಡಸ್ತೀರೋ ಇಲ್ಲೋ, ಅದೊಂದ ಹೇಳ್ರಿ.”

ನಾನು ತಿರುಗಿದೆ. “ಯಾವ ಪಥ್ಯ?”

“ದೊಡ್ಡ ಸಾಹೇಬ್ರು ಕೊಟ್ಟದ್ದ ಪಥ್ಯಾರಿ. ರೊಟ್ಟಿ ಮುಟ್ಟಬ್ಯಾಡ ಅಂದಿದ್ರಲ್ಲ.”

“ಅದು ನಾಕು ದಿನದ ಮಾತು! ಬ್ಯಾನಿ ಇಳಿಯೂತನಾ ಅಷ್ಟ. ಇನ್ನೂ ರೊಟ್ಟಿ ತಿಂದಿಲ್ಲೇನು?”

ಗಂಡಹೆಂಡತಿ ಇಬ್ಬರೂ ನನ್ನನ್ನು ನೋಡಿದ ರೀತಿ ನೆನೆದರೆ ಈಗಲೂ ಮುಜುಗರವಾಗುತ್ತದೆ. ಇಷ್ಟು ಓದಿದವಳಿಗೆ ಇಷ್ಟೂ ಗೊತ್ತಿಲ್ಲವೇ ಅನ್ನುವ ನೋಟ.

“ಹಂಗ್ಹ್ಯಾಂಗ ತಿನ್ನೂದ್ರಿ?” ಎಂದು ಕುರಿಗಾರ ಮೆಲ್ಲಗೆ ಹೇಳಿದ. “ಪಥ್ಯ ಕೊಟ್ಟವ್ರ ಬಿಡಸಬೇಕಲ್ರಿ. ಮೈ ಹಳದ್ಯಾಗಿ ಕಾಮಣಿ ಆದಾಗ ಔಷಧ ಕೊಟ್ಟ ಅಜ್ಜ ತಾನ ತನ್ನ ಕೈಯಿಂದ ತುತ್ತ ಕೊಟ್ಟು ಬಿಡಸತಿದ್ದ. ನಡುವ ನಾವ ಮುರದ್ರ ಔಷಧ ತಿರಗಿ ಬೀಳ್ತೈತಿ. ಸಾಹೇಬ್ರು ನಾ ಹೇಳೂತನಾ ಅಂದಾರ. ಹೇಳ್ಲಿಲ್ಲ.”

“ಕೇಳಬೇಕಿತ್ತಲ್ಲ!”

“ಬಿಡಸ್ರಿ ಅಂತ ನಾವ ಹ್ಯಾಂಗ ಕೇಳೂದ್ರಿ? ಕೇಳಿದ್ರ ಪಥ್ಯ ಮುರದಂಗ.”

ಸಿಸ್ಟರ್ ಕೂಡ ತಲೆಯಾಡಿಸಿದಳು. “ಹೌದಲ್ರಿ ಬಾಯಾರ, ನಮ್ಮ ಕಡೆನೂ ಹಂಗ ಐತಿ.”

ನಾನು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತೆ. ದಿನವಿಡೀ ಕುರಿಯ ಹಿಂದೆ ನಡೆಯುವ ಮನುಷ್ಯ ಅರ್ಧ ವರ್ಷ ಗಂಜಿ, ಸಾಬೂದಾಣಿ, ಬ್ರೆಡ್ಡಿನ ಮೇಲೆ ಬದುಕಿದ್ದಾನೆ. ಸೊರಗದೆ ಇನ್ನೇನಾಗುತ್ತಾನೆ? ನಾವು ಅದಕ್ಕೆ ಟಿಬಿ ಹುಡುಕಿದೆವು, ಗಡ್ಡೆ ಹುಡುಕಿದೆವು, ಈಗ ಕತ್ತಿ ಹಿಡಿದು ನಿಂತಿದ್ದೆವು. ಜೊತೆಗೆ ಇನ್ನೊಂದು ತಲೆನೋವು. ಪುಸ್ತಕದ ಪ್ರಕಾರ ನಾರಿಲ್ಲದ ಊಟವೇ ಚೀಲದ ಶತ್ರು. ಅಂದರೆ ಎರಡನೆಯ ಸಲ ಬಂದದ್ದು ಕಾಯಿಲೆಯ ಸ್ವಭಾವವೋ, ಪಥ್ಯದ ಫಲವೋ? ಪಥ್ಯದ್ದಾದರೆ ಎರಡು ಸಲ ಅನ್ನುವ ಲೆಕ್ಕವೇ ತಪ್ಪು. ಆದರೆ ಮೊದಲ ಸಲ ಬಂದಾಗ ಅವನು ರೊಟ್ಟಿಯನ್ನೇ ತಿನ್ನುತ್ತಿದ್ದನಲ್ಲ! ಯಾವ ಕಡೆಯಿಂದ ಯೋಚಿಸಿದರೂ ದಾರಿ ಗೋಡೆಗೇ ಹೋಗಿ ಮುಟ್ಟುತ್ತಿತ್ತು.

ದೊಡ್ಡ ಡಾಕ್ಟರ ಕೋಣೆಗೆ ಹೋಗಿ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು. ಮೊದಲು ಸಿಟ್ಟು ಬಂತು. “ನಾ ಏನ ಮಠದ ಸ್ವಾಮಿ ಏನು, ಪಥ್ಯ ಬಿಡಸಾಕ? ಅಷ್ಟೂ ತಿಳೀಬಾರದ?”

“ಸರ್, ತೂಕ ಇಳದದ್ದಕ್ಕ ಕಾರಣ ಸಿಕ್ತು. ಗಡ್ಡಿ ಭಯ ಹೋತು. ಈಗ ಉಳದದ್ದು ಎರಡ ಸಲ ಅನ್ನೂ ಮಾತೊಂದ. ಆ ಮಾತು ಎಡಗಡೆ ಕಿಸೆಗೆ ಬರದದ್ದು, ಬಲಗಡೆದಕ್ಕಲ್ಲ. ಈ ಸೊರಗಿದ ಮೈಯಾಗ ಕರುಳು ಹೊಲದ್ರ ಹಿಡಿತೈತೇನ್ರಿ?”

“ಮೂಡಲ ಸೀಮ್ಯಾಗ ಒಡದ್ರ? ಯಾರ ಹೋಗಿ ತರವ್ರು? ನೀನಾ ತಂಗಿ?”

ಅವರು ಕನ್ನಡಕ ಮತ್ತೆ ಏರಿಸಿಕೊಂಡರು. ಆಮೇಲೆ ಎದ್ದು ವಾರ್ಡಿಗೆ ಬಂದರು. ಕುರಿಗಾರ ಕೈ ಮುಗಿದು ಎದ್ದು ಕೂತ.

“ಮತ್ತ ಬರ್ತೈತೇನ್ರಿ ಸಾಹೇಬ್ರ ಅದು?”

“ಬರಬಹುದು,” ಅಂದರು ಅವರು.

“ಬರದನೂ ಇರಬಹುದು,” ಅಂದೆ ನಾನು.

ಹೆಂಡತಿ ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ನೋಡಿದಳು. “ಇಬ್ಬರೊಳಗ ಖರೇ ಡಾಕ್ಟರ್ ಯಾರ್ರಿ?”

ದೊಡ್ಡ ಡಾಕ್ಟರಿಗೆ ನಗು ತಡೆಯಲಿಲ್ಲ. “ಬಘೂ ಯಾ,” ಅಂದರು. ಆ ಮಾತು ಕೇಳಿದ ಕೂಡಲೇ ಆಪರೇಶನ್ ಇಲ್ಲ ಎಂದು ನನಗೆ ಗೊತ್ತಾಯಿತು. “ಯಾರಾದ್ರೂ ರೊಟ್ಟಿ ತರ್ರಿ,” ಎಂದು ಅವರು ಕೂಗಿದರು.

ರೊಟ್ಟಿ ಇದ್ದದ್ದು ಸಿಸ್ಟರಿನ ಊಟದ ಡಬ್ಬಿಯಲ್ಲಿ. ಜೋಳದ ರೊಟ್ಟಿ, ಮೇಲೆ ಪುಂಡಿಪಲ್ಯ. ದೊಡ್ಡ ಡಾಕ್ಟರು ಕೈ ತೊಳೆದು ಬಂದರು, ಆಪರೇಶನ್ನಿಗೆ ತೊಳೆಯುವಷ್ಟೇ ಶ್ರದ್ಧೆಯಿಂದ. ಒಂದು ತುಣುಕು ಮುರಿದು ಅವನ ಬಾಯಿಗೆ ಇಟ್ಟರು. ಅವನು ಕಣ್ಣು ಮುಚ್ಚಿಕೊಂಡು ಅಗಿದ. ಇಡೀ ವಾರ್ಡು ಆ ಅಗಿಯುವ ಶಬ್ದ ಕೇಳುತ್ತಿತ್ತು.

“ಇವತ್ತ ಒಂದ ರೊಟ್ಟಿ. ನಾಳೆ ಇನ್ನೊಂದು. ಒಮ್ಮೆಲೇ ಬಡೀಬ್ಯಾಡ,” ಎಂದು ನಾನು ಹೇಳುವಷ್ಟರಲ್ಲಿ ಅವನು ಎರಡನೆಯದಕ್ಕೆ ಕೈ ಹಾಕಿದ್ದ. ಹೆಂಡತಿ ಅವನ ಕೈಗೆ ಫಟ್ಟನೆ ಹೊಡೆದಳು.

ಮಳೆಗೆ ಮುಂಚೆ ಮತ್ತೆ ತೋರಿಸಲು ಬಂದ. ಕಾಟಾದ ಮುಳ್ಳು ಮುಂದೆ ಸರಿದಿತ್ತು. ಹೋಗುವುದು ಎಂದು ಅವನೇ ನಿರ್ಧರಿಸಿಕೊಂಡು ಬಂದಿದ್ದ. ನಾನು ಹೆಂಡತಿಯನ್ನು ಕೂರಿಸಿಕೊಂಡು ಪಾಠ ಮಾಡಿದೆ. ನೋವು ಬಂದರೆ ರೊಟ್ಟಿ ನಿಲ್ಲಿಸು, ತಿಳಿಗಂಜಿ ಕೊಡು, ಈ ಗುಳಿಗೆ ಹೀಗೆ ಹೀಗೆ. ಜ್ವರ ಏರಿದರೆ, ವಾಂತಿ ನಿಲ್ಲದಿದ್ದರೆ, ಹೊಟ್ಟೆ ಕಲ್ಲಾದರೆ ಕುರಿ ಗಿರಿ ಬಿಟ್ಟು ಯಾವ ಗಾಡಿ ಸಿಕ್ಕರೂ ಏರಿ ದೊಡ್ಡ ಆಸ್ಪತ್ರೆಗೆ ಹೋಗು. ನೋವು ಪೂರ್ತಿ ಹೋದ ಮೇಲೆ ನಾಲ್ಕು ದಿನ ಬಿಟ್ಟು ರೊಟ್ಟಿ ಕೊಡು.

“ಬಿಡಸವ್ರು ಯಾರ್ರಿ ಅಲ್ಲೆ?”

“ನೀನ ಬಿಡಸು. ನಿನ್ನ ಕೈಯಿಂದ.”

“ಇವ್ರು ಒಪ್ಪೂದಿಲ್ರಿ.”

ದೊಡ್ಡ ಡಾಕ್ಟರು ಒಳಗಿನಿಂದಲೇ ಕೂಗಿದರು. “ಏ ಕುರಿಗಾರ! ನನ್ನ ಕೈ ಇವತ್ತಿಂದ ಆಕಿಗೆ ಕೊಟ್ಟೇನಿ, ಕೇಳಿಸ್ತಿಲ್ಲೋ?”

“ಕೇಳಿಸ್ತ್ರೀ,” ಎಂದು ಅವನು ಒಲ್ಲದ ಮನಸ್ಸಿನಿಂದ ಹೇಳಿದ.

ಆ ಮಳೆಗಾಲವೆಲ್ಲ ಆಸ್ಪತ್ರೆಯ ಮುಂದೆ ಟ್ರ್ಯಾಕ್ಟರ್ ನಿಂತರೆ ಕೈಯಲ್ಲಿದ್ದ ಕೆಲಸ ಬಿಟ್ಟು ಕಿಟಕಿಗೆ ಓಡುತ್ತಿದ್ದೆ. ಆಪರೇಶನ್ ತಡೆದದ್ದು ನಾನು. ಕೊಯ್ದಿದ್ದರೆ ಈ ಹೊತ್ತಿಗೆ ಎದ್ದು ಓಡಾಡುತ್ತಿದ್ದನೇನೋ, ಅಥವಾ ಹೊಲಿಗೆ ಬಿಚ್ಚಿ ಸತ್ತಿರುತ್ತಿದ್ದನೇನೋ. ಶ್ರಾವಣದಲ್ಲಿ ಅವನ ಸಂಬಂಧಿಕನೊಬ್ಬ ಕೆಮ್ಮು ತೋರಿಸಲು ಬಂದವನು, “ಅಲ್ಲೆ ಮೂಡಲದಾಗ ನಮ್ಮ ಮಾಮಾಗ ಆರಾಮ ಇಲ್ಲಂತ್ರಿ,” ಎಂದ. ಎಲ್ಲಿ, ಯಾವಾಗ, ಏನಾಗಿದೆ ಎಂದು ಕೇಳಿದರೆ, “ಯಾರೋ ಅಂದ್ರು” ಅಷ್ಟೇ. ದೊಡ್ಡ ಡಾಕ್ಟರು ಕೇಳಿಸಿಕೊಂಡು ಮುಂದಿನ ಪೇಶೆಂಟನ್ನು ಕರೆದರು. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ದೀಪಾವಳಿ ಆಗಿ ಸ್ವಲ್ಪ ದಿನಕ್ಕೆ ಆ ಹೆಂಡತಿ ಓಪಿಡಿಯ ಬಾಗಿಲಲ್ಲಿ ಬಂದು ನಿಂತಳು. ಒಬ್ಬಳೇ. ನನ್ನ ಕೈಯಲ್ಲಿದ್ದ ಸ್ಟೆತಸ್ಕೋಪು ಇನ್ಯಾರದೋ ಎದೆಯ ಮೇಲೆ ಹಾಗೇ ನಿಂತಿತು.

“ಅವ್ರು ಎಲ್ಲೆ?”

“ಹೊರಗ ಅದಾರ್ರಿ. ಇಬ್ಬರೂ ಒಳಗ ಬಂದ್ರ ಕುರಿ ನೀವ ಕಾಯ್ತೀರೇನ್ರಿ?”

ಹೊರಗೆ ಓಡಿದೆ. ಆಸ್ಪತ್ರೆಯ ಮುಂದಿನ ರಸ್ತೆ ತುಂಬ ಕುರಿ. ನಡುವೆ ಕೋಲಿಗೆ ಗದ್ದ ಊರಿ ಅವನು ನಿಂತಿದ್ದ, ಕರ್ರಗೆ, ಗಲ್ಲ ತುಂಬಿಕೊಂಡು.

ಬಂದಿತ್ತಂತೆ. ಸಣ್ಣಗೆ. ದೊಡ್ಡ ಆಸ್ಪತ್ರೆ ತುಂಬಿದ ಹಳ್ಳದ ಆಚೆ ಇತ್ತಂತೆ. ಅವಳು ಗಂಜಿ, ಗುಳಿಗೆ ಕೊಟ್ಟು, ಹೊಟ್ಟೆ ಕಲ್ಲಾಗುತ್ತದೆಯೇ ಎಂದು ನಾನು ತೋರಿಸಿಕೊಟ್ಟ ಹಾಗೆ ಒತ್ತಿ ಒತ್ತಿ ನೋಡಿದಳಂತೆ. ನೋವು ಇಳಿಯಿತು. ಆಮೇಲೆ ರೊಟ್ಟಿ ಹಿಡಿದರೆ ಅವನು ಬಾಯಿ ತೆರೆಯಲಿಲ್ಲ.

“ನಾ ಹೇಳಿದ್ನ್ರಿ, ಈಗ ಈ ಕೈ ಸಾಹೇಬ್ರದು, ಸುಮ್ನ ತಿನ್ನು, ಇಲ್ಲಂದ್ರ ಇದ ಕೈಲೆ ಕೊಡ್ತೀನಿ ನೋಡು ಅಂತ.”

“ತಿಂದ್ರು?”

“ತಿನ್ನದ ಏನ ಮಾಡ್ತಾರ್ರಿ?”

ಒಳಗೆ ಮಲಗಿಸಿ ಹೊಟ್ಟೆ ಮುಟ್ಟಿದೆ. ಹಿಟ್ಟಿನ ಮುದ್ದೆಯಂತೆ ಮೆತ್ತಗಿತ್ತು. ದೊಡ್ಡ ಡಾಕ್ಟರು ಬಂದು ಅವರೂ ಮುಟ್ಟಿದರು. “ಈಗ ಮೂರಾತಲ್ಲ ತಂಗಿ. ಮೂರಕ್ಕ ಪುಸ್ತಕ ಏನಂತೈತಿ?” ಅದು ಮೂರನೆಯದು ಹೌದೋ ಅಲ್ಲವೋ, ಬರೀ ಹೊಸ ನೀರು ಕುಡಿದು ಬಂದ ಹೊಟ್ಟೆನೋವೋ, ಅದೂ ಗೊತ್ತಿಲ್ಲ. ನಾನು ಅವರ ಮುಖ ನೋಡಿದೆ. “ಬಘೂ ಯಾ, ಸರ್.” ಅವರು ಜೋರಾಗಿ ನಕ್ಕರು.

ಈಗಿನವರು ಸಲಗಳನ್ನು ಎಣಿಸಿ ಕತ್ತಿ ಹಿಡಿಯುವುದಿಲ್ಲ. ಬಹಳ ಜನರಿಗೆ ಅದು ಮತ್ತೆ ಬರುವುದೇ ಇಲ್ಲ, ಬಂದರೂ ಹೆಚ್ಚಾಗಿ ಮೊದಲ ಸಲದಷ್ಟು ಕೆಟ್ಟದಾಗಿರುವುದಿಲ್ಲ ಅನ್ನುತ್ತಾರೆ. ಕಾಳು, ಬೀಜ ಬಿಡಬೇಕು ಅನ್ನುವುದನ್ನೂ ಕೈಬಿಟ್ಟಿದ್ದಾರೆ. ಕೇಳಿದಾಗ ಖುಷಿಯಾಗುತ್ತದೆ. ಆದರೆ ಆವತ್ತು ನಮಗೆ ಇದ್ಯಾವುದೂ ಗೊತ್ತಿರಲಿಲ್ಲ. ಒಂದು ರೊಟ್ಟಿ ಅ‌ಡ್ಡ ಬಂದದ್ದಕ್ಕೆ ನಾವು ನಿಂತೆವು, ಅಷ್ಟೇ. ಅದನ್ನು ಜಾಣತನ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ.

ಕೆಲವು ವರ್ಷಗಳ ಮೇಲೆ ನಾನು ರಾಯಬಾಗ ಬಿಟ್ಟು ಅಥಣಿಯ ಆಸ್ಪತ್ರೆಗೆ ಸೇರಲು ಹೊರಟೆ. ಟ್ರಂಕು ಬಸ್ಸಿನ ಮೇಲೆ, ನಾನು ಕಿಟಕಿಯ ಪಕ್ಕ. ಕುಡಚಿ ದಾಟಿ ಹೊಳೆಯ ದಾರಿಯಲ್ಲಿ ಬಸ್ಸು ನಿಂತಿತು. ಮುಂದೆ ರಸ್ತೆ ತುಂಬ ಕುರಿ. ಡ್ರೈವರ್ ಹಾರ್ನು ಒತ್ತುತ್ತಲೇ ಇದ್ದ, ಕುರಿಗಳು ಕೇಳಿಸಿಕೊಳ್ಳಲಿಲ್ಲ. ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಒಬ್ಬ ಮನುಷ್ಯ ಹಿಂಡಿನ ನಡುವಿಂದ ಬಸ್ಸಿನ ಕಡೆ ನೋಡಿದ, ಕಣ್ಣು ಕಿರಿದು ಮಾಡಿದ, ಆಮೇಲೆ ಕೋಲೆತ್ತಿಕೊಂಡು ನನ್ನ ಕಿಟಕಿಗೇ ಬಂದ.

“ಬಾಯಾರ! ಎಲ್ಲೆ ಹೊಂಟ್ರಿ?”

“ಅಥಣಿಗಿ. ಹೊಟ್ಟಿ ಹ್ಯಾಂಗೈತಿ?”

“ಆರಾಮ್ರಿ. ಅಲ್ಲಿಂದ ಈ ಕಡೆ ಬಂದಿಲ್ಲ.” ಆಮೇಲೆ, ಇಡೀ ಬಸ್ಸು ಕಿವಿ ನಿಮಿರಿಸಿಕೊಂಡಿರುವಾಗ, ಕಿಟಕಿಯ ಸರಳು ಹಿಡಿದು ಆ ಹಳೆಯ ಪ್ರಶ್ನೆ ಕೇಳಿದ. “ಬಾಯಾರ, ಖರೇ ಹೇಳ್ರಿ. ಮತ್ತ ಬರ್ತೈತೇನ್ರಿ ಅದು?”

ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂಡಿನ ಹಿಂದಿನಿಂದ ಅವನ ಹೆಂಡತಿಯ ದನಿ ಬಂತು, ಹಾರ್ನಿಗಿಂತ ಜೋರಾಗಿ.

“ಬಂದಾಗ ನೋಡೂಣು! ಮೊದಲ ಕುರಿ ಬದೀಗಿ ಹೊಡೀರಿ, ಬಾಯಾರ ಬಸ್ಸು ನಿಂತೈತಿ!”

ಅವನು ಕುರಿ ಬದಿಗೆ ಹೊಡೆದ. ಬಸ್ಸು ಹೊರಟಿತು.